ಶಾಲಿಗ್ರಾಮ ಬಸವನಹುಳು ಯಾಕಲ್ಲ? ಹೆಸರು ಗೊತ್ತಿಲ್ಲದ ಫಾಸಿಲ್ ಗುರುತಿಸೋದು ಹೇಗೆ?

ಸೈನ್ಸ್ ಮಿಸ್

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ವಾರ ಒಂಬತ್ತನೇ ಕ್ಲಾಸಿಗೆ ಒಂದು ಆಟ ಕೊಟ್ಟೆ. ಹದಿನಾಲ್ಕು ಪ್ರಾಣಿ ಫಾಸಿಲ್‌ಗಳ ಫೋಟೋ ಪ್ರಿಂಟ್ ಹಾಕಿಸಿ, ಕೆಳಗಿದ್ದ ಹೆಸರು ಕತ್ತರಿಸಿ ತೆಗೆದು, "ನಿಮಗೆ ಸರಿ ಅನ್ನಿಸಿದ ಹಾಗೆ ಗುಂಪು ಮಾಡಿ" ಅಂದೆ. ಇಪ್ಪತ್ತೇ ನಿಮಿಷ, ಕ್ಲಾಸು ಸಂತೆಯಾಯಿತು.

ಒಂದು ಬೆಂಚಿನವರು ಡಾಲ್ಫಿನ್, ಶಾರ್ಕ್, ಇಕ್ತಿಯೋಸಾರ್ (ಡೈನೋಸಾರ್ ಕಾಲದ ಕಡಲ ಸರೀಸೃಪ) ಮೂರನ್ನೂ ಒಂದೇ ರಾಶಿಗೆ ಹಾಕಿದರು. "ಮೂರೂ ಮೀನಿನ ಥರಾನೇ ಇವೆ ಮಿಸ್." ಇನ್ನೊಂದು ಬೆಂಚು ಬಾವಲಿಯನ್ನು ಟೆರೋಸಾರ್ (ಅದೇ ಕಾಲದ ಹಾರುವ ಸರೀಸೃಪ) ಪಕ್ಕ ಕೂರಿಸಿತು. ಸುರುಳಿ ಇದ್ದದ್ದೆಲ್ಲ ಬಸವನಹುಳು. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗ ಎದ್ದು, "ಮಿಸ್, ಇದು ನಮ್ಮನೆ ದೇವರ ಪೆಟ್ಟಿಗೆಯಲ್ಲಿದೆ" ಅಂದ. ಅವನ ಕೈಯಲ್ಲಿದ್ದದ್ದು ಅಮ್ಮೊನೈಟ್ ಅನ್ನೋ, ಈಗ ಅಳಿದುಹೋದ ಸುರುಳಿ ಚಿಪ್ಪಿನ ಕಡಲ ಪ್ರಾಣಿಯ ಫೋಟೋ. ಶಾಲಿಗ್ರಾಮ ಅಂತ ಅವನ ವಾದ. ಅವನು ಹೇಳಿದ್ದು ಸರಿ ಅಂತ ನನಗೂ ಗೊತ್ತು. ಆದರೆ ಪಕ್ಕದ ಹುಡುಗಿ "ಹಾಗಾದ್ರೆ ಬಸವನಹುಳು ಯಾಕಲ್ಲ?" ಅಂತ ಕೇಳಿದಾಗ ನನ್ನ ಬಾಯಿಗೆ ಬಂದ ಉತ್ತರ "ಪುಸ್ತಕದಲ್ಲಿ ಹಾಗಿದೆ". ಮನೆಗೆ ಬಂದ ಮೇಲೂ ಅದು ಚುಚ್ಚುತ್ತಲೇ ಇದೆ.

ಕಲ್ಲಾದ ಚೂರು ಮಾತ್ರ ಕೈಯಲ್ಲಿರುವಾಗ, ಅದು ಯಾವ ಪ್ರಾಣಿಯ ಸಂಬಂಧಿ ಅಂತ ತಿಳಿದವರು ಹೇಗೆ ತೀರ್ಮಾನ ಮಾಡುತ್ತಾರೆ? ಸೋಮವಾರ ಮತ್ತೆ ಅದೇ ಕ್ಲಾಸಿದೆ. ಕಾಪಾಡಿ.

ಕಲ್ಲು ಸುತ್ತಿಗೆ

ಮಿಸ್, ನಾನು ಭೂವಿಜ್ಞಾನದ ಕೆಲಸದಿಂದ ನಿವೃತ್ತನಾದವನು. ಫಾಸಿಲ್ ನನ್ನ ಮುಖ್ಯ ವಿಷಯ ಅಲ್ಲ. ಆದರೂ ಕಚ್, ಅರಿಯಲೂರು ಕಡೆ ಸುತ್ತಿಗೆ ಹಿಡಿದು ಬಿಸಿಲಲ್ಲಿ ಅಲೆದಿದ್ದೇನೆ. ಆ ಹುಡುಗಿಯ ಪ್ರಶ್ನೆಗೆ ಮೊದಲು ಉತ್ತರ ಹೇಳೋಣ.

ಬಸವನಹುಳುವಿನ ಚಿಪ್ಪನ್ನು ಮೇಜಿನ ಮೇಲಿಡಿ. ಸುತ್ತುತ್ತಾ ಸುತ್ತುತ್ತಾ ಒಂದು ಕಡೆಗೆ ಗೋಪುರದ ಥರ ಮೇಲೇಳುತ್ತದೆ. ಅಮ್ಮೊನೈಟ್ ಹಾಗಲ್ಲ, ಚಕ್ಕುಲಿ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡಿರುತ್ತದೆ. ಚಕ್ಕುಲಿಯನ್ನು ಅಡ್ಡಕ್ಕೆ ಎರಡು ಹಾಳೆ ಮಾಡಿದರೆ ಎರಡೂ ಒಂದೇ ಥರ, ಅಲ್ವಾ? ಇದೂ ಹಾಗೇ.

ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ಕೆರೆ ನೀರಿನಲ್ಲಿ ಚಪ್ಪಟೆ ಸುತ್ತಿನ ಬಸವನಹುಳುಗಳೂ ಇವೆ. ಯಾವನೋ ಜಾಣ ಹುಡುಗ ತಂದು ತೋರಿಸಿಯೇ ತೋರಿಸುತ್ತಾನೆ. ತೀರ್ಪು ಇರೋದು ಒಳಗೆ. ಬಸವನಹುಳುವಿನ ಚಿಪ್ಪು ತುದಿಯವರೆಗೂ ಒಂದೇ ಟೊಳ್ಳು ಕೊಳವೆ. ಅಮ್ಮೊನೈಟ್ ಒಳಗೆ ಗೋಡೆ ಕಟ್ಟಿಕೊಂಡ ಕೋಣೆಗಳ ಸಾಲು. ಪ್ರಾಣಿ ದೊಡ್ಡದಾದ ಹಾಗೆ ಮುಂದಕ್ಕೆ ಸರಿದು ಹಿಂದೆ ಒಂದು ಗೋಡೆ ಕಟ್ಟುತ್ತಾ ಬರುತ್ತಿತ್ತು. ವಾಸ ಕೊನೆಯ ಕೋಣೆಯಲ್ಲಿ. ಎಲ್ಲ ಕೋಣೆಗಳಲ್ಲೂ ಹಾದುಹೋಗುವ ಒಂದು ಸಣ್ಣ ನಳಿಕೆ ಇರುತ್ತದೆ. ಈ ಏರ್ಪಾಡು ಬಸವನಹುಳುವಿಗೆ ಇಲ್ಲ. ಇಂದಿಗೂ ಬದುಕಿರುವ ನಾಟಿಲಸ್ ಅನ್ನೋ ಕಡಲ ಪ್ರಾಣಿಗೆ ಇದೆ. ಹಾಗಾಗಿ ಅಮ್ಮೊನೈಟ್ ಸೇರೋದು ಆಕ್ಟೋಪಸ್, ಬೊಂಡಾಸ್ (ಸ್ಕ್ವಿಡ್) ಇರುವ ಬಳಗಕ್ಕೆ.

ನಾಟಿಲಸ್‌ನಿಂದ ಅಮ್ಮೊನೈಟನ್ನು ಬೇರೆ ಮಾಡೋದು ಇನ್ನೂ ಸೊಗಸು. ಚಿಪ್ಪಿನ ಹೊರಪದರ ಸವೆದಾಗ ಒಳಗೋಡೆಗಳು ಹೊರಚಿಪ್ಪಿಗೆ ಅಂಟಿದ ಗೆರೆ ಕಾಣುತ್ತದೆ. ನಾಟಿಲಸ್‌ನಲ್ಲಿ ಅದು ಸಾದಾ ಬಾಗು. ಅಮ್ಮೊನೈಟ್‌ನಲ್ಲಿ ಎಲೆಯ ಅಂಚಿನ ಹಾಗೆ ಮಡಿಕೆ ಮೇಲೆ ಮಡಿಕೆ. ಆ ನಳಿಕೆ ನಾಟಿಲಸ್‌ನಲ್ಲಿ ಕೋಣೆಯ ನಡುಮಧ್ಯೆ ಹೋಗುತ್ತದೆ, ಅಮ್ಮೊನೈಟ್‌ನಲ್ಲಿ ಹೊರ ಅಂಚಿಗೆ ಅಂಟಿಕೊಂಡು ಹೋಗುತ್ತದೆ. ಅಂಗೈಯಗಲದ ಒಂದು ಚೂರು ಸಿಕ್ಕರೂ ಸಾಕು, ಈ ಗೆರೆ ನೋಡಿ ಹೇಳಬಹುದು.

ಅಂದ ಹಾಗೆ ನಿಮ್ಮ ಮಕ್ಕಳು ಪೂರ್ತಿ ತಪ್ಪಿಲ್ಲ. ಬಸವನಹುಳು, ಆಕ್ಟೋಪಸ್ ಎರಡೂ ಮೃದ್ವಂಗಿಗಳೇ. ದೂರದ ದಾಯಾದಿಗಳು ಅನ್ನಿ.

ತುಳಸಿಕಟ್ಟೆ

ನಮ್ಮನೆಯಲ್ಲೂ ಇದೆ. ಅಜ್ಜಿ ಹೇಳೋ ಪ್ರಕಾರ ಒಳಗಿನ ಚಕ್ರವನ್ನು ವಜ್ರಕೀಟ ಅನ್ನೋ ಹುಳು ಕೊರೆದದ್ದು. ಒಡೆದು ಕೋಣೆ ಎಣಿಸ್ತೀನಿ ಅಂದ್ರೆ ನನ್ನನ್ನೇ ಒಡೀತಾರೆ.

ಕಲ್ಲು ಸುತ್ತಿಗೆ

ಒಡೆಯಬೇಡಿ ಮಾರಾಯರೆ! ಅಭಿಷೇಕ ಮಾಡುವಾಗ ಒದ್ದೆ ಕಲ್ಲಿನ ಮೇಲೆ ಓರೆ ಬೆಳಕು ಬಿಡಿ, ಏಣುಗಳು ಎದ್ದು ಕಾಣುತ್ತವೆ. ಶಾಲಿಗ್ರಾಮ ಬರೋದು ನೇಪಾಳದ ಗಂಡಕಿ ನದಿಯಿಂದ. ಹಿಮಾಲಯ ಏಳುವ ಮೊದಲು ಅಲ್ಲಿದ್ದದ್ದು ಸಮುದ್ರ. ಆ ಕಪ್ಪು ಕಲ್ಲಿನ ಪದರಕ್ಕೆ ಸುಮಾರು 15 ಕೋಟಿ ವರ್ಷ. ಒಳಗಿದ್ದದ್ದು ಒಂದು ಜೀವ ಅನ್ನೋದನ್ನು ನಿಮ್ಮ ಅಜ್ಜಿಯ ಕಥೆಯೂ ಬಿಟ್ಟಿಲ್ಲ ನೋಡಿ.

ಕಡಲ ತಡಿ

ನಾನು ಮಂಗಳೂರಿನವಳು. ಅಣ್ಣ ಹಿಮಾಚಲದ ಸ್ಪಿತಿಗೆ ಹೋದವನು ಅಂಗಡಿಯಲ್ಲಿ ಒಂದು ಕಲ್ಲು ತಗೊಂಡು ಬಂದ. ಅದರಲ್ಲಿ ಥೇಟ್ ಮರುವಾಯಿ (ನಾವು ಸಾರು ಮಾಡುವ ಕಪ್ಪೆಚಿಪ್ಪು) ಥರ ಚಿಪ್ಪು. ಮರುವಾಯಿನಾ?

ಮೂಳೆ ಓದುವವಳು

ಅಕ್ಕ, ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡ್ತಿದ್ದೇನೆ. ಇವತ್ತು ಸಾರಿಗೆ ಮರುವಾಯಿ ತಂದಿದ್ದರೆ ಒಂದನ್ನು ಎತ್ತಿಡಿ. ಒಂದೇ ಚಿಪ್ಪನ್ನು ಬಿಡಿಸಿ ನೋಡಿ. ಅದರ ನೆತ್ತಿ ನಡುವಿನಲ್ಲಿಲ್ಲ, ಒಂದು ಪಕ್ಕಕ್ಕೆ ವಾಲಿದೆ. ಅಂದರೆ ಒಂದೇ ಚಿಪ್ಪಿನ ಎಡ ಬಲ ಬೇರೆ ಬೇರೆ. ಆದರೆ ಎರಡು ಚಿಪ್ಪನ್ನು ಮುಚ್ಚಿ ಹಿಡಿದರೆ ಒಂದು ಇನ್ನೊಂದರ ಕನ್ನಡಿ ಬಿಂಬ, ನಮ್ಮ ಎರಡು ಅಂಗೈ ಜೋಡಿಸಿದ ಹಾಗೆ.

ಬ್ರಾಕಿಯೋಪಾಡ್ ಅಂತ ಇನ್ನೊಂದು ಪ್ರಾಣಿ ಇದೆ. ಅದರಲ್ಲಿ ಲೆಕ್ಕ ತಿರುವು ಮುರುವು. ಒಂದೇ ಚಿಪ್ಪಿನ ನಡುವೆ ಗೆರೆ ಎಳೆದರೆ ಎಡ ಬಲ ಸಮ. ಆದರೆ ಮೇಲಿನ ಚಿಪ್ಪು, ಕೆಳಗಿನ ಚಿಪ್ಪು ಒಂದೇ ಥರ ಇರೋದಿಲ್ಲ. ಒಂದು ಉಬ್ಬಿರುತ್ತದೆ, ಸಾಮಾನ್ಯವಾಗಿ ಅದರ ಕೊಕ್ಕಿನ ಹತ್ತಿರ ಸಣ್ಣ ತೂತು. ಅದರಿಂದ ಒಂದು ತೊಟ್ಟು ಹೊರಬಂದು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ನೋಡೋಕೆ ಮರುವಾಯಿ, ಹುಟ್ಟಿನಲ್ಲಿ ಬೇರೆಯೇ ಮನೆತನ. ಫೋಟೋ ಹಾಕಿ.

ಕಡಲ ತಡಿ

ನೋಡಿದೆ. ನಡುಗೆರೆ ಎಳೆದರೆ ಎರಡೂ ಪಕ್ಕ ಸಮ. ಕೊಕ್ಕಿನಲ್ಲಿ ತೂತೂ ಇದೆ! ಅಣ್ಣನಿಗೆ ಅಂಗಡಿಯವನು "ಸೀಶೆಲ್" ಅಂತ ಮಾರಿದ್ದು. ಈ ಮರುವಾಯಿ ಪರೀಕ್ಷೆಗೆ ಅಮ್ಮನ ಸಾರು ಅರ್ಧ ಗಂಟೆ ತಡ ಆಯ್ತು ಮಾರಾಯ್ರೆ.

ಸುಮ್ನೆ ಬಂದವ

ಇಷ್ಟೆಲ್ಲ ಯಾಕೆ? ಡಿಎನ್‌ಎ ಟೆಸ್ಟ್ ಮಾಡಿಸಿದರೆ ಮುಗೀತಲ್ವಾ?

ಮೂಳೆ ಓದುವವಳು

ಇಲ್ಲ ಗುರು. ಇಲ್ಲಿಯವರೆಗೆ ಓದೋಕೆ ಸಿಕ್ಕಿರುವ ಅತಿ ಹಳೆಯ ಡಿಎನ್‌ಎಗಳಲ್ಲಿ ಒಂದು ಗ್ರೀನ್‌ಲ್ಯಾಂಡಿನ ಮಣ್ಣಿನದು, 2022ರಲ್ಲಿ ಪ್ರಕಟವಾಯಿತು. ಅದಕ್ಕೆ ಸುಮಾರು 20 ಲಕ್ಷ ವರ್ಷ, ಅದೂ ಹಿಮದಲ್ಲಿ ಹೂತಿದ್ದಕ್ಕೆ. ಡೈನೋಸಾರ್ ಹೋಗಿ 6.6 ಕೋಟಿ ವರ್ಷ ಆಯ್ತು. ಉಳಿದಿರೋದು ಆಕಾರ ಮಾತ್ರ.

ಕಲ್ಲು ಸುತ್ತಿಗೆ

ಈಗ ಆ ಡಾಲ್ಫಿನ್ ಬೆಂಚಿನ ಕಡೆ ಬರುತ್ತೇನೆ. ನೀರಿನಲ್ಲಿ ಜೋರಾಗಿ ಈಜಬೇಕು ಅಂದರೆ ಮೈ ನೂಲುವ ಕದಿರಿನ ಥರ ಆಗಲೇಬೇಕು. ಆ ಆಕಾರವನ್ನು ನೀರು ಕೊಟ್ಟಿದ್ದು, ಅಪ್ಪ ಅಮ್ಮ ಕೊಟ್ಟಿದ್ದಲ್ಲ. ಆದ್ದರಿಂದ ಮಕ್ಕಳಿಗೆ ಬಾಲ ನೋಡಿ ಅನ್ನಿ. ಶಾರ್ಕ್, ಇಕ್ತಿಯೋಸಾರ್ ಎರಡರ ಬಾಲವೂ ನೆಟ್ಟಗೆ ನಿಂತಿದೆ, ಪಕ್ಕಕ್ಕೆ ಬೀಸುತ್ತದೆ. ಡಾಲ್ಫಿನ್ ಬಾಲ ಮಲಗಿದೆ, ಮೇಲೆ ಕೆಳಗೆ ಬಡಿಯುತ್ತದೆ. ಬೆನ್ನುಮೂಳೆಯ ಸಾಲು ಶಾರ್ಕ್‌ನಲ್ಲಿ ಬಾಲದ ಮೇಲಿನ ಹಾಳೆಗೆ ಏರುತ್ತದೆ, ಇಕ್ತಿಯೋಸಾರ್‌ನಲ್ಲಿ ಕೆಳಗಿನ ಹಾಳೆಗೆ ಇಳಿಯುತ್ತದೆ. ಮೂರು ಪ್ರಾಣಿ, ಮೂರು ದಾರಿ. ನಮ್ಮ ದೇಶದ್ದೇ ಬೇಕು ಅಂದರೆ ಕಚ್‌ನ ಲೋಡಾಯಿ ಹತ್ತಿರ ಸಿಕ್ಕ ಇಕ್ತಿಯೋಸಾರ್ ಇದೆ. ಸುಮಾರು 5.5 ಮೀಟರ್ ಉದ್ದ, 2017ರಲ್ಲಿ ಪ್ರಕಟವಾಯಿತು.

ಬಾವಲಿ ಬೆಂಚಿಗೆ ಬೆರಳು ಎಣಿಸೋಕೆ ಹೇಳಿ. ಬಾವಲಿ ರೆಕ್ಕೆಯಲ್ಲಿ ಕೊಡೆಕಡ್ಡಿ ಥರ ಹಲವು ಬೆರಳು. ಟೆರೋಸಾರ್ ರೆಕ್ಕೆಗೆ ಒಂದೇ ಬೆರಳು, ನಾಲ್ಕನೆಯದು, ಮೈಗಿಂತ ಉದ್ದ. ಹಕ್ಕಿಗೆ ಬೆರಳು ಕೂಡಿಹೋಗಿ ಪುಕ್ಕವೇ ಎಲ್ಲ.

ಒಂದು ಮಾತು ಮಕ್ಕಳ ತಲೆಗೆ ಹಾಕಿ. ತೋರಿಕೆಯ ಲಕ್ಷಣ ಬೇರೆ, ಬಳುವಳಿಯ ಲಕ್ಷಣ ಬೇರೆ. ನಮಗೆ ಬೇಕಾದದ್ದು ಎರಡನೆಯದು. ಅದು ಹೆಚ್ಚಾಗಿ ಯಾರೂ ನೋಡದ ಮೂಲೆಯಲ್ಲಿ ಕೂತಿರುತ್ತದೆ.

ಮೂಳೆ ಓದುವವಳು

ಸರ್ ಹೇಳಿದ ಆ ಮೂಲೆಗೆ ನನಗೆ ತುಂಬ ಇಷ್ಟದ ಉದಾಹರಣೆ ಜಮ್ಮು-ಕಾಶ್ಮೀರದ ಇಂಡೋಹಯಸ್. ಬೆಕ್ಕಿನಷ್ಟು ದೊಡ್ಡದು, ತೆಳು ಕಾಲಿನ ಪುಟ್ಟ ಜಿಂಕೆ ಥರದ ಪ್ರಾಣಿ. ಕಾಲಾಕೋಟ್ ಹತ್ತಿರದ ಕಲ್ಲನ್ನು ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹ ಮಾಡಿಟ್ಟಿದ್ದರು. ಎಷ್ಟೋ ವರ್ಷದ ನಂತರ ಅಮೆರಿಕದಲ್ಲಿ ಹಾನ್ಸ್ ಥೀವಿಸೆನ್ ಅವರ ಲ್ಯಾಬಿನಲ್ಲಿ ಅದನ್ನು ಬಿಡಿಸುವಾಗ ಸಹಾಯಕರ ಕೈತಪ್ಪಿ ಒಂದು ಬುರುಡೆ ಮುರಿಯಿತು. ಕಿವಿಯ ಮೂಳೆ ತೆರೆದುಕೊಂಡಿತು. ನೋಡಿದರೆ ಅದರ ಒಳಗಡೆಯ ಗೋಡೆ ದಪ್ಪ, ಹೊರಗಡೆಯ ಗೋಡೆ ತೆಳು. ಅಂಥ ಕಿವಿಮೂಳೆ ಇರೋದು ತಿಮಿಂಗಿಲಗಳ ವಂಶಕ್ಕೆ! 2007ರಲ್ಲಿ ಪ್ರಕಟವಾಯಿತು. ಹೊರಗಿನಿಂದ ನೋಡಿದವರು ಯಾರಾದರೂ ಅದನ್ನು ತಿಮಿಂಗಿಲದ ಪಕ್ಕ ಕೂರಿಸುತ್ತಿದ್ದರಾ?

ತಿಮಿಂಗಿಲ ಗೊರಸಿನ ಪ್ರಾಣಿಗಳ ನೆಂಟ ಅನ್ನೋದಕ್ಕೆ ಇನ್ನೊಂದು ಕಡೆಯಿಂದಲೂ ಸಾಕ್ಷಿ ಬಂದಿತ್ತು. 2001ರಲ್ಲಿ ಪಾಕಿಸ್ತಾನದ ಹಳೆಯ ತಿಮಿಂಗಿಲಗಳ ಪಾದದ ಗಿಣ್ಣುಮೂಳೆ ಸಿಕ್ಕಿತು. ಮೇಲೂ ಕೆಳಗೂ ರಾಟೆಯ ಹಾಗೆ ತೋಡು. ಕುರಿ, ಹಂದಿ, ಜಿಂಕೆ ಕಾಲಿನಲ್ಲಿರೋದು ಅದೇ. ಕಾಲು ಸೂಪು ಕುಡಿಯುವವರು ಆ ಮೂಳೆಯನ್ನು ಬಾಯಲ್ಲೇ ನೋಡಿರುತ್ತೀರಿ.

ಹಾವಿನ ವಿಷಯವೂ ಹೀಗೇ. ಗುಜರಾತಿನ ಢೋಲಿ ಡುಂಗ್ರಿಯಲ್ಲಿ ಡೈನೋಸಾರ್ ಮೊಟ್ಟೆಗಳ ಜೊತೆ ಸಿಕ್ಕ ಮೂಳೆಗಳನ್ನೆಲ್ಲ ಮೊದಲು ಡೈನೋಸಾರ್ ಮರಿಯದ್ದು ಅಂದುಕೊಂಡಿದ್ದರು. ಸಹಜ, ಗೂಡಿನಲ್ಲಿರೋದು ಮರಿ ತಾನೇ? 2001ರಲ್ಲಿ ಫಾಸಿಲ್ ತಜ್ಞ ಜೆಫ್ರಿ ವಿಲ್ಸನ್ ಕಲ್ಲನ್ನು ಮತ್ತೆ ನೋಡಿದಾಗ ಕೆಲವು ಬೆನ್ನುಮೂಳೆಗಳ ಮಧ್ಯೆ ಹೆಚ್ಚುವರಿ ಕೊಂಡಿ ಕಾಣಿಸಿತು. ಬಡಗಿ ಕೂಡಿಸುವ ಗೂಟ ಮತ್ತು ಕುಳಿಯ ಹಾಗೆ. ಹಾವಿನ ಬೆನ್ನಿನ ಗುರುತು ಅದು. ಮೊಟ್ಟೆ ಗೂಡಿಗೆ ನುಗ್ಗಿದ ಮೂರೂವರೆ ಮೀಟರ್ ಹಾವು! 2010ರಲ್ಲಿ ಸನಾಜೆ ಇಂಡಿಕಸ್ ಅಂತ ಹೆಸರಾಯಿತು. ಕಚ್‌ನ ಪಾನಂಧ್ರೋ ಗಣಿಯ 27 ಬೆನ್ನುಮೂಳೆಗಳೂ ಮೊದಲು ಮೊಸಳೆ ಅನ್ನಿಸಿಕೊಂಡಿದ್ದವು. 2024ರಲ್ಲಿ ವಾಸುಕಿ ಇಂಡಿಕಸ್ ಆದವು. ಉದ್ದ 11ರಿಂದ 15 ಮೀಟರ್ ಇರಬಹುದು ಅಂತ ಅಂದಾಜು.

ಮಲೆನಾಡಿಗ

ಎಲ್ಲ ಸರಿ, ಆದರೆ ತಿಳಿದವರೂ ಜಾರುತ್ತಾರೆ. ಮಧ್ಯಪ್ರದೇಶದ ಭೀಮ್‌ಬೆಟ್ಕಾದ ಕಥೆ ಯಾರೂ ಹೇಳಲಿಲ್ಲವಲ್ಲ. ಅಲ್ಲಿನ ಗುಹೆಯ ಸೂರಿನಲ್ಲಿ ಎಲೆಯಾಕಾರದ, ಪಟ್ಟೆ ಪಟ್ಟೆಯ ಗುರುತು ನೋಡಿ ಡಿಕಿನ್ಸೋನಿಯಾ ಅಂದರು. ಸುಮಾರು 55 ಕೋಟಿ ವರ್ಷದ ಹಿಂದಿನ ಪ್ರಾಣಿ, ಭಾರತದ ಅತಿ ಹಳೆಯ ಪ್ರಾಣಿ ಫಾಸಿಲ್ ಅಂತ 2021ರಲ್ಲಿ ಸುದ್ದಿಯೋ ಸುದ್ದಿ. ಆಮೇಲೆ ಇನ್ನೊಂದು ತಂಡ ಹೋಗಿ ನೋಡಿದರೆ "ಫಾಸಿಲ್" ಸಿಪ್ಪೆ ಎದ್ದು ಉದುರುತ್ತಿದೆ. ಅದು ಹೆಜ್ಜೇನು ಗೂಡಿನ ಗುರುತು! 2023ರಲ್ಲಿ ಅದೂ ಪ್ರಕಟವಾಯಿತು, ಮೊದಲು ಹೇಳಿದವರೂ ಒಪ್ಪಿಕೊಂಡರು.

ನಮ್ಮೂರ ಜೇನು ಕೀಳುವವರನ್ನು ಒಬ್ಬರನ್ನು ಕರೆದುಕೊಂಡು ಹೋಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದರು. ಬಂಡೆಯಿಂದ ಹೆಜ್ಜೇನು ಎದ್ದುಹೋದ ಮೇಲೆ ಉಳಿಯುವ ಮೇಣದ ಕಲೆ ನಾವು ಚಿಕ್ಕಂದಿನಿಂದ ನೋಡಿದ್ದೇ.

ಕಲ್ಲು ಸುತ್ತಿಗೆ

ಒಪ್ಪಿದೆ. ಆದರೆ ಒಂದು ನ್ಯಾಯ ಹೇಳಬೇಕು. ಗುರುತು ಇದ್ದದ್ದು ಎತ್ತರದ ಸೂರಿನಲ್ಲಿ, ಅವರು ದೂರದಿಂದ ಫೋಟೋ ತೆಗೆದು ನೋಡಿದ್ದು. ಅದಕ್ಕೇ ನಾನು ಫೋಟೋ ನೋಡಿ ಹೆಸರು ಹೇಳೋದಿಲ್ಲ ಅಂತ ಹಟ ಮಾಡುವುದು.

ಕ್ಯಾಲ್ಗರಿ ಕನ್ನಡಿಗ

ಚೂರು ಚೂರಾಗಿ ಸಿಕ್ಕಾಗ ಎಷ್ಟು ಎಡವಟ್ಟಾಗುತ್ತದೆ ಅನ್ನೋದಕ್ಕೆ ನಮ್ಮ ಈ ಕೆನಡಾ ಕಡೆಯ, ಅನೊಮಲೊಕೇರಿಸ್ ಅನ್ನೋ ಹಳೆಯ ಕಡಲ ಪ್ರಾಣಿಯ ಕಥೆ ಕ್ಲಾಸಿನಲ್ಲಿ ಹೇಳಿ ಮಿಸ್. 1892ರಲ್ಲಿ ಒಂದು ಚೂರನ್ನು ಸೀಗಡಿಯ ಮೈ ಅಂದರು. 1911ರಲ್ಲಿ ಇಲ್ಲಿನ ಬೆಟ್ಟದ ಬರ್ಜೆಸ್ ಶೇಲ್ ಅನ್ನೋ ಕಲ್ಲುಪದರದಲ್ಲಿ ಸಿಕ್ಕ ಉರುಟು ಬಿಲ್ಲೆಯನ್ನು ಜೆಲ್ಲಿಮೀನು ಅಂದರು. ಇನ್ನೊಂದು ಮೆತ್ತನೆ ಗುರುತನ್ನು ಸಮುದ್ರ ಸೌತೆ ಅಂದರು. 1985ರಲ್ಲಿ ವಿಟಿಂಗ್ಟನ್ ಮತ್ತು ಬ್ರಿಗ್ಸ್ ಅನ್ನೋ ವಿಜ್ಞಾನಿಗಳು ಸೇರಿ ಈ ಒಗಟು ಬಿಡಿಸಿದರು. ಸೀಗಡಿ ಅನ್ನಿಸಿಕೊಂಡದ್ದು ಬೇಟೆ ಹಿಡಿಯುವ ಕೈ, ಜೆಲ್ಲಿಮೀನು ಅನ್ನಿಸಿಕೊಂಡದ್ದು ಬಾಯಿ! ಒಂದೇ ಬಗೆಯ ಪ್ರಾಣಿಯ ತುಂಡುಗಳು. ಕುರುಡರು ಆನೆ ಮುಟ್ಟಿದ ಕಥೆ ನಿಜವಾಗಿ ನಡೆದ ಹಾಗೆ.

ಆ ಜಾಗಕ್ಕೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ. ಹತ್ತೋಕೆ ಇಡೀ ದಿನ ಬೇಕು, ನನ್ನ ಮಂಡಿ ಒಂದು ವಾರ ಮಾತಾಡಲಿಲ್ಲ.

ವಿಜಯಪುರದಿಂದ

ನಮ್ಮ ಹೊಲದಲ್ಲಿ ಉರುಟು ಕಲ್ಲುಗಳು ಎದ್ದಿವೆ. ಮೇಲೆ ಸಿಪ್ಪೆ ಸಿಪ್ಪೆ ಬಿಡುತ್ತಿದೆ. ಡೈನೋಸಾರ್ ಮೊಟ್ಟೆ ಅಂತ ಊರಿನ ಗುಂಪಿನಲ್ಲಿ ಫೋಟೋ ಓಡಾಡುತ್ತಿದೆ. ನಿಜಾನಾ?

ಕಲ್ಲು ಸುತ್ತಿಗೆ

ಒಂದನ್ನು ಒಡೆಯಿರಿ. ಈರುಳ್ಳಿ ಥರ ಪದರದ ಮೇಲೆ ಪದರ, ನಡುವೆ ಗಟ್ಟಿ ಕಪ್ಪು ಕಲ್ಲು ಬಂದರೆ ಅದು ಬಸಾಲ್ಟ್ ಬಂಡೆ ಮಳೆ ಬಿಸಿಲಿಗೆ ಸವೆದದ್ದು. ನಿಮ್ಮ ಕಡೆ ಡೆಕ್ಕನ್ ಟ್ರ್ಯಾಪ್, ಅಂದರೆ ಹಿಂದೆ ಲಾವಾ ಹರಿದು ಗಟ್ಟಿಯಾದ ನೆಲ, ಇದು ಸಾಮಾನ್ಯ. ಮೊಟ್ಟೆಯಾದರೆ ಹೊರಗೆ ಕೆಲವೇ ಮಿಲಿಮೀಟರ್ ದಪ್ಪದ ಒಂದೇ ಓಡು ಇರಬೇಕು, ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೇಲೆ ಸಣ್ಣ ಗುಬುಟುಗಳು, ಉಸಿರಾಡುವ ರಂಧ್ರಗಳು ಕಾಣಬೇಕು.

ಉಲ್ಟಾ ಆದದ್ದೂ ಇದೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೊಲ ಕಾಯುವ ದೇವರು ಅಂತ ಪೂಜೆ ಮಾಡುತ್ತಿದ್ದ ಉರುಟು ಕಲ್ಲುಗಳು ನಿಜವಾದ ಡೈನೋಸಾರ್ ಮೊಟ್ಟೆ ಅಂತ 2023ರ ಕೊನೆಯಲ್ಲಿ ಸುದ್ದಿಯಾಯಿತು.

ವಿಜಯಪುರದಿಂದ

ಒಡೆದೆ. ಈರುಳ್ಳಿನೇ. ಗುಂಪಿನಲ್ಲಿ ಹಾಕಿದರೆ ಯಾರೂ ನಂಬುತ್ತಿಲ್ಲ, ನನ್ನನ್ನೇ ಬೈತಿದ್ದಾರೆ.

ಸುಮ್ನೆ ಬಂದವ

ಹಾಗಾದ್ರೆ ನಮ್ಮ ಕರ್ನಾಟಕದಲ್ಲಿ ಏನೂ ಇಲ್ವಾ? ಎಲ್ಲ ಗುಜರಾತಿಗೇನಾ?

ಕಲ್ಲು ಸುತ್ತಿಗೆ

ಇದೆ, ಆದರೆ ಕಡಿಮೆ. ರಾಜ್ಯದ ಬಹುಪಾಲು ನೆಲ ಗ್ರಾನೈಟ್, ನೈಸ್ ಥರದ ಬಹಳ ಹಳೆಯ ಬಂಡೆ. ಲಾಲ್‌ಬಾಗ್ ಗುಡ್ಡದ ಬಂಡೆಗೆ ಸುಮಾರು 300 ಕೋಟಿ ವರ್ಷ. ಆಗ ಪ್ರಾಣಿಗಳೇ ಇರಲಿಲ್ಲ, ಹುಡುಕಿ ಏನು ಮಾಡ್ತೀರಿ? ಯಾವ ಕಲ್ಲಿನಲ್ಲಿ ಸಿಕ್ಕಿತು ಅನ್ನೋದನ್ನು ಮೊದಲು ಕೇಳೋದು ಅದಕ್ಕೇ. ಅರ್ಧ ಸಂದೇಹ ಅಲ್ಲೇ ಪರಿಹಾರ.

ಯಾದಗಿರಿ ಜಿಲ್ಲೆಯ ಗುರಮಠಕಲ್ ಹತ್ತಿರ ಲಾವಾ ಪದರಗಳ ನಡುವಿನ ಕೆರೆಮಣ್ಣಿನಲ್ಲಿ ಫಾಸಿಲ್ ಸಿಕ್ಕಿವೆ. ದಖ್ಖನ್ನಿನ ಇಂಥ ಪದರಗಳಲ್ಲಿ ಹೆಸರಾದದ್ದು ಫೈಸಾ ಅನ್ನೋ ಸಣ್ಣ ಸಿಹಿನೀರಿನ ಬಸವನಹುಳು. ಅದನ್ನು ಗುರುತಿಸೋದು ಬಲು ಸುಲಭ. ತುದಿ ಮೇಲೆ, ಬಾಯಿ ನಿಮ್ಮ ಕಡೆ ಬರುವ ಹಾಗೆ ಹಿಡಿಯಿರಿ. ಬಹುತೇಕ ಬಸವನಹುಳುಗಳಲ್ಲಿ ಬಾಯಿ ನಿಮ್ಮ ಬಲಕ್ಕೆ ಬರುತ್ತದೆ. ಫೈಸಾದಲ್ಲಿ ಎಡಕ್ಕೆ. ನಮ್ಮ ಬಲಮುರಿ ಶಂಖವೂ ಹೀಗೆ ಹಿಡಿದರೆ ಎಡಕ್ಕೇ ಬಾಯಿ ಬಿಡುತ್ತದೆ! ಪೂಜೆಯವರು ಶಂಖ ಹಿಡಿಯುವ ರೀತಿ ಬೇರೆ, ಅದಕ್ಕೆ ಹೆಸರು ತಿರುವು. ಇದರ ಮೇಲೆ ಜಗಳ ಬೇಡ.

ಇನ್ನೊಂದು ಗೋಕಾಕದ್ದು. ಅದರ ಹತ್ತಿರ ಸಿಕ್ಕ ಘೇಂಡಾಮೃಗದ ಫಾಸಿಲ್‌ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ರೈನಾಸರಸ್ ಡೆಕ್ಕನೆನ್ಸಿಸ್ ಅಂತ ಹೆಸರಿಟ್ಟರು. ಬೆಳಗಾವಿ ಸೀಮೆಯಲ್ಲಿ ಘೇಂಡಾಮೃಗ ಮೇಯುತ್ತಿತ್ತು ಅಂತ ಅರ್ಥ.

ಗೋಕಾಕ ಕರದಂಟು

ಸರ್ರ, ನಿಂತ್ಕೊಳ್ರಿ! ನಾನು ಗೋಕಾಕದವನು. ಹೋದ ಮಳೆಗಾಲದಲ್ಲಿ ನಮ್ಮ ಹೊಲದ ಹಳ್ಳದ ದಂಡೆ ಕುಸಿದಾಗ ಒಂದು ದೊಡ್ಡ ಹಲ್ಲು ಸಿಕ್ಕಿದೆ. ಕಂದು ಬಣ್ಣ, ಹೆಬ್ಬೆರಳಿಗಿಂತ ದೊಡ್ಡದು, ಬೇರೂ ಇದೆ. ಒಂದು ವರ್ಷದಿಂದ ಗೂಡಿನಲ್ಲಿಟ್ಟಿದ್ದೇನೆ. ಘೇಂಡಾಮೃಗ ಇರಬಹುದಾ?

ಕಲ್ಲು ಸುತ್ತಿಗೆ

ಫೋಟೋ ನೋಡಿ ಹೆಸರು ಹೇಳೋದಿಲ್ಲ ಅಂದಿದ್ದೆ. ಆದರೂ ಮನಸ್ಸು ಕೇಳುತ್ತಿಲ್ಲ. ಹಲ್ಲಿನ ಅಗಿಯುವ ಮುಖ ಮೇಲೆ ಕಾಣುವ ಹಾಗೆ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯಿರಿ.

ಘೇಂಡಾಮೃಗದ ಮೇಲ್ದವಡೆ ಹಲ್ಲಾದರೆ ಗಣಿತದ ಪೈ ಚಿಹ್ನೆ ಥರ ಕಾಣುತ್ತದೆ. ಹೊರಗೆ ಒಂದು ಉದ್ದ ಗೋಡೆ, ಅದರಿಂದ ಒಳಕ್ಕೆ ಎರಡು ಅಡ್ಡಗೋಡೆ.

ಗೋಕಾಕ ಕರದಂಟು

ಪೈ ಇಲ್ರಿ. ಅರ್ಧಚಂದ್ರದ ಥರ ಗೆರೆ ಇವೆ. ನಾಲ್ಕು. ಎರಡು ಭಾಗದ ಮಧ್ಯ ಒಳಗಡೆ ಒಂದು ಸಣ್ಣ ಕಂಬದ ಥರ ನಿಂತಿದೆ.

ಮೂಳೆ ಓದುವವಳು

ಅಣ್ಣ, ಅರ್ಧಚಂದ್ರ ಅಂದರೆ ಮೆಲುಕು ಹಾಕುವ ಪ್ರಾಣಿ. ಕುದುರೆಯಾಗಿದ್ದರೆ ಗೆರೆ ಇನ್ನೂ ಸುಕ್ಕು ಸುಕ್ಕಾಗಿರುತ್ತಿತ್ತು. ಮಧ್ಯದ ಆ ಸಣ್ಣ ಕಂಬ ದನ, ಎಮ್ಮೆ ಹಲ್ಲಿನಲ್ಲಿರುತ್ತದೆ. ಕುರಿ ಮೇಕೆಗೆ ಇರೋದಿಲ್ಲ. ಗಾತ್ರವೂ ಅದನ್ನೇ ಹೇಳುತ್ತಿದೆ. ಬೇಜಾರಾಗಬೇಡಿ, ಹಳೆಯ ಕಾಡುದನದ್ದೂ ಇರಬಹುದು.

ಹಳೆಯದಾ ಹೊಸದಾ ನೋಡೋಕೆ ಸೂಜಿ ಕೆಂಪಗೆ ಕಾಯಿಸಿ ಬೇರಿನ ಮೂಲೆಗೆ ಮುಟ್ಟಿಸಿ. ಕೂದಲು ಸುಟ್ಟ ವಾಸನೆ ಬಂದರೆ ಒಳಗೆ ಇನ್ನೂ ಪ್ರೋಟೀನ್ ಇದೆ ಅಂತ, ಕಲ್ಲಾಗಿಲ್ಲ.

ಸೈನ್ಸ್ ಮಿಸ್

ಸೋಮವಾರದ ಕ್ಲಾಸು ಮುಗೀತು. ಚಕ್ಕುಲಿ ತಗೊಂಡು ಹೋಗಿದ್ದೆ, ಪಾಠ ಮುಗಿಯೋ ಮೊದಲೇ ಅಮ್ಮೊನೈಟ್ ಖಾಲಿ. ಕೋಣೆಯ ವಿಷಯ ಹೇಳಿದಾಗ ಆ ಹುಡುಗಿ ಒಪ್ಪಿದಳು. ಡಾಲ್ಫಿನ್ ಬೆಂಚಿನವರು ಈ ಸಲ ರಾಶಿ ಒಡೆದು ಮೂರು ಮಾಡಿದರು. ಮೂಲೆಯಲ್ಲಿ ಒಬ್ಬಳು ಎರಡು ಫೋಟೋ ಯಾವ ರಾಶಿಗೂ ಹಾಕದೆ ಕೈಯಲ್ಲೇ ಹಿಡಿದಿದ್ದಳು. ಯಾಕೆ ಅಂದರೆ "ಬಾಲ ಕಾಣ್ತಾ ಇಲ್ಲ ಮಿಸ್, ಹೆಂಗೆ ಹೇಳ್ಲಿ?" ಅಂದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಗೋಕಾಕದವರೇ, ಸೂಜಿ ಏನಾಯ್ತು?

ಗೋಕಾಕ ಕರದಂಟು

ಮನೆ ತುಂಬ ಕೂದಲು ಸುಟ್ಟ ವಾಸನೆ ಮಿಸ್. ಅವ್ವ ಓಡಿ ಬಂದು ಏನು ಸುಡಾಕತ್ತೀ ಅಂತ ಕೇಳಿದಳು. ಹಲ್ಲು ತೋರಿಸಿದೆ. ಎಲ್ಲಿ ಸಿಕ್ಕಿತು ಅಂದಳು, ಹಳ್ಳದ ದಂಡೆ ಅಂದೆ. ನಮ್ಮ ಅಜ್ಜ ತೀರಿದ ವರ್ಷ ಸತ್ತ ಬಿಳಿ ಎತ್ತನ್ನು ಹೂತದ್ದು ಅಲ್ಲೇ ಅಂತೆ. ಹಲ್ಲು ಕಸಿದುಕೊಂಡು ತೊಳೆದು, ಈಗ ದೇವರ ಗೂಡಿನಲ್ಲಿ ಇಟ್ಟಿದ್ದಾಳೆ.